ಕ್ಲೈವ್‌ನ ಹುಲ್ಲುಹಾಸಿನ ಮೇಲೊಂದು ಶೋಕಾಚರಣೆ

ಕ್ಲೈವ್ ಪೆಟಿಗ್ರೂ ಮೂವತ್ತೆರಡು ವರ್ಷಗಳಿಂದ ಬೇರೆಯವರ ಮನೆಯಲ್ಲಿದ್ದಾನೆ. ಮನೆಯ ಹಕ್ಕುಪತ್ರವೇನೋ ಅವನ ಹೆಸರಿನಲ್ಲೇ ಇದೆ. ಆದರೆ ‘ವಾಟಲ್ ಕೋರ್ಟ್’ ಎಂಬ ಬೀದಿಯ ಕಥೆ ಹೇಳುವ ಟಿ.ವಿ. ಧಾರಾವಾಹಿಯಲ್ಲಿ ಅದನ್ನೇ ಡಾಕ್ಟರ್ ಮಾರ್ಗೋಳ ಮನೆಯೆಂದು ತೋರಿಸುತ್ತಾರೆ. ಮೆಲ್ಬರ್ನಿನ ಆ ಪುಟ್ಟ ರಸ್ತೆಗೆ ದಿನಾ ಬಸ್ಸು ತುಂಬ ಅಭಿಮಾನಿಗಳು ಬಂದು, ಅವನ ಅಂಚೆಪೆಟ್ಟಿಗೆಯನ್ನು ತಬ್ಬಿ ಫೋಟೋ ತೆಗೆಸಿಕೊಂಡು, ಅವನ ಹುಲ್ಲನ್ನು ತುಳಿದು ಹೋಗುತ್ತಾರೆ. ಕ್ಲೈವ್‌ಗೆ ಹೆಂಡತಿಗಿಂತ ಒಂದು ಗುಲಗಂಜಿ ಹೆಚ್ಚು ಪ್ರೀತಿ ಆ ಹುಲ್ಲಿನ ಮೇಲೆ. (ಹೆಂಡತಿ ನೊರೀನ್‌ಗೂ ಗಂಡನಿಗಿಂತ ಒಂದು ಗುಲಗಂಜಿ ಹೆಚ್ಚು ಪ್ರೀತಿ ಮಾರ್ಗೋಳ ಮೇಲೆ.)

“ಆರು ಮದುವೆ ಆಯ್ತು, ಎರಡು ಸಲ ಸತ್ತೂ ಬಂದಳು. ಇನ್ನೇನಿದೆ ಅವಳಲ್ಲಿ ನೋಡೋಕೆ?” ಎಂದು ಕ್ಲೈವ್ ಗೊಣಗುತ್ತಾನೆ.

“ಅವಳ ಗಂಡಂದಿರು ಊಟದ ಹೊತ್ತಲ್ಲಿ ಗೊಬ್ಬರದ ವಿಷಯ ಬಿಟ್ಟು ಬೇರೆ ಮಾತೂ ಆಡ್ತಾರೆ ಮಾರಾಯ!”

ಒಂದು ಶನಿವಾರ ಯಾರೋ ಹುಲ್ಲಿನ ಮೇಲೆ ಲ್ಯಾಮಿಂಗ್ಟನ್ ಕೇಕಿನ ಪುಡಿ ಉದುರಿಸಿದರು. ಕ್ಲೈವ್ ರೇಗಿ ಧಾರಾವಾಹಿಯವರಿಗೆ ಹನ್ನೊಂದು ಪುಟದ ಕಾಗದ ಬರೆದ. ಕಥೆ ಬರೆಯುವ ಹುಡುಗಿಯೊಬ್ಬಳು ಬಂದು, ಎರಡು ಗಂಟೆ ಅವನ ಬೈಗುಳ ಕೇಳಿ, ಒಂದಕ್ಷರ ಬಿಡದೆ ಬರೆದುಕೊಂಡು ಹೋದಳು.

“ಬೆವರಿಳಿಸಿಬಿಟ್ಟೆ ನೋಡು ಅವಳಿಗೆ!” ಎಂದು ಕ್ಲೈವ್ ಬೀಗಿದ.

ಎರಡು ತಿಂಗಳಾಗಿತ್ತು. ನೊರೀನ್ ಟಿ.ವಿ. ಮುಂದಿನಿಂದ ಕಿರುಚಿದಳು: “ಕ್ಲೈವ್! ಓಡಿ ಬಾ! ಒಳಗೆ ನೀನಿದ್ದೀಯ!”

ವಾಟಲ್ ಕೋರ್ಟಿಗೆ ಬೇಸಿಲ್ ಎಂಬ ಹೊಸ ಮುದುಕ ಬಂದಿದ್ದ. ಕ್ಲೈವ್ ಹಾಕುವ ಅದೇ ಚಡ್ಡಿ, ಅದೇ ಹರಕು ಟೋಪಿ, ಹುಲ್ಲಿನ ಎತ್ತರ ನೋಡಲು ಕೈಯಲ್ಲಿ ಅದೇ ಅಳತೆಪಟ್ಟಿ. “ಹುಲ್ಲಿಗೂ ಮನಸ್ಸಿದೆ ಕಣ್ರೋ!” ಎಂದು ಕ್ಲೈವ್‌ನ ಮಾತನ್ನೇ ಅರಚುತ್ತಿದ್ದ.

“ಕೋರ್ಟಿಗೆ ಎಳೀತೀನಿ!” ಎಂದು ಕ್ಲೈವ್ ಗುಡುಗಿದ. ಸಾಕ್ಷ್ಯಾಧಾರ ಬೇಕಲ್ಲ, ಮರುದಿನದಿಂದ ಸಂಜೆ ಆರೂವರೆಗೆ ಸರಿಯಾಗಿ ಟಿ.ವಿ. ಮುಂದೆ ಹಾಜರಾದ. ವಾರದೊಳಗೆ ನೊರೀನ್‌ಳ ಮೆತ್ತನೆ ಕುರ್ಚಿ ಅವನದಾಯಿತು. ಮಾರ್ಗೋ ಬೇಸಿಲ್‌ಗೆ ಮನಸೋತ ದಿನದಿಂದ ಕ್ಲೈವ್ ಹೊಟ್ಟೆ ಒಳಗೆಳೆದುಕೊಂಡು ಓಡಾಡತೊಡಗಿದ. ಕೋರ್ಟಿನ ಸುದ್ದಿಯೇ ಇಲ್ಲ.

ಅಷ್ಟರಲ್ಲಿ, ಒಂದು ಗುರುವಾರ, ಮಾರ್ಗೋಳ ಏಳನೇ ಮದುವೆಯ ಮಂಟಪದಲ್ಲೇ ಬೇಸಿಲ್ ಎದೆ ಹಿಡಿದುಕೊಂಡು ಕುಸಿದು ಸತ್ತ. ಕ್ಲೈವ್ ಬಿಕ್ಕಿ ಬಿಕ್ಕಿ ಅತ್ತ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು, ಊಟ ಸೇರಲಿಲ್ಲ.

“ಸಮಾಧಾನ ಮಾಡ್ಕೊ. ಮಾರ್ಗೋ ವಾಪಸ್ ಬರಲಿಲ್ವಾ? ಇವನೂ ಬರ್ತಾನೆ” ಎಂದು ನೊರೀನ್ ಬೆನ್ನು ಸವರಿದಳು.

ಶನಿವಾರ ಅವನು ಭಾರವಾದ ಮನಸ್ಸಿನಿಂದ ಹುಲ್ಲು ಕತ್ತರಿಸುವ ಯಂತ್ರ ತಳ್ಳಿಕೊಂಡು ಹೊರಬಂದರೆ, ಅಂಗಳದ ತುಂಬ ಬೇಸಿಲ್‌ಗಾಗಿ ಅಭಿಮಾನಿಗಳು ತಂದಿಟ್ಟ ಹೂಗುಚ್ಛಗಳ ರಾಶಿ. ನಡುವೆ ಒಬ್ಬಾಕೆ ಮಂಡಿಯೂರಿ ಅಳುತ್ತಿದ್ದಳು.

“ಅಮ್ಮಾ, ಸ್ವಲ್ಪ ಆ ಕಡೆ ಸರೀರಿ. ಹುಲ್ಲಿಗೂ ಮನಸ್ಸಿದೆ” ಎಂದ ಮೆಲ್ಲಗೆ.

ಆಕೆ ಟೋಪಿಯಿಂದ ಚಡ್ಡಿಯವರೆಗೆ, ಚಡ್ಡಿಯಿಂದ ಅಳತೆಪಟ್ಟಿಯವರೆಗೆ ಅವನನ್ನು ನೋಡಿದಳು.

“ನಾಚಿಕೆ ಆಗಲ್ವೇನ್ರೀ? ಆ ದೇವರಂಥ ಮನುಷ್ಯ ಹೋಗಿ ಎರಡು ದಿನ ಆಗಿಲ್ಲ, ಆಗಲೇ ಅವರ ವೇಷ ಹಾಕ್ಕೊಂಡು ಅಣಕಿಸ್ತೀರಾ? ಅವರ ಕಾಲ್ಧೂಳಿಗೂ ಸಮ ಇಲ್ಲ ನೀವು!”

ಕ್ಲೈವ್ ಆಸರೆಗೆಂದು ಕಿಟಕಿಯತ್ತ ನೋಡಿದ. ನೊರೀನ್ ಕಣ್ಣೊರೆಸಿಕೊಳ್ಳುತ್ತಾ ತಲೆಯಾಡಿಸಿದಳು.

“ನಾನೂ ಇವನಿಗೆ ಅದನ್ನೇ ಹೇಳ್ತಿದ್ದೆ ಅಮ್ಮಾ!”