ಇಪ್ಪತ್ತೆರಡು ದಿನ ಉಪವಾಸವಿದ್ದ ಮೆಷಿನ್

ಸಿಲ್ವಿ ತನ್ನ ಗಂಡ ಆಹ್ತಿಗೆ ತರಲು ಹೇಳಿದ್ದು ಅರ್ಧ ಲೀಟರ್ ಕ್ರೀಮ್, ಅಷ್ಟೇ.

ಅವತ್ತು ಅವಳ ಎಪ್ಪತ್ತನೇ ಹುಟ್ಟುಹಬ್ಬ. ಮಧ್ಯಾಹ್ನ ಎರಡಕ್ಕೆ ಕಾಫಿಗೆ ಇಪ್ಪತ್ತು ಮಂದಿ ಬರುವವರಿದ್ದರು. ಕೇಕಿನ ಮೂರು ಪದರಗಳು ಅಡುಗೆಮನೆಯ ಮೇಜಿನ ಮೇಲೆ ಬೋಳಾಗಿ ಕೂತು ಕ್ರೀಮಿನ ದಾರಿ ಕಾಯುತ್ತಿದ್ದವು.

"ಹತ್ತೂವರೆಗೆ ಕ್ರೀಮು ಇಲ್ಲಿರ್ಬೇಕು. ನನ್ನ ಅರವತ್ತನೇ ಹುಟ್ಟುಹಬ್ಬದ ದಿನ ಮೀನು ಹಿಡಿಯೋಕೆ ಹೋದವನು ಸಂಜೆ ಬಂದೆ. ಈ ಸಲವೂ ಹಾಗೆ ಮಾಡಿದ್ರೆ ನಿನ್ನ ದೋಣಿ ಮಾರಿಬಿಡ್ತೀನಿ," ಎಂದಳು ಸಿಲ್ವಿ.

"ಮಾರ್ಕೋ ಮಾರಾಯ್ತಿ," ಎಂದು ಆಹ್ತಿ ಧಾರಾಳವಾಗಿ ಹೇಳಿ, ಖಾಲಿ ಬಾಟಲಿಗಳ ಚೀಲ ಸೈಕಲ್ಲಿಗೆ ನೇತುಹಾಕಿಕೊಂಡು ಹೊರಟ. ಅಂಗಡಿ ಐದು ನಿಮಿಷದ ದಾರಿ. ತಪ್ಪು ಮಾಡಲಾದರೂ ಪುರುಸೊತ್ತು ಬೇಕಲ್ಲ!

ತಪ್ಪು ಅಂಗಡಿಯ ಬಾಗಿಲಲ್ಲೇ ನಿಂತಿತ್ತು. ನಮ್ಮೂರಿನ ಅಂಗಡಿಯಲ್ಲಿ ಖಾಲಿ ಬಾಟಲಿ ವಾಪಸು ಕೊಟ್ಟು ಚಿಲ್ಲರೆ ಪಡೆದು ತಿರುಗಿದರೆ ಎದುರಿಗೇ ಎರಡು ಜೂಜಿನ ಮೆಷಿನ್‌ಗಳು. ಫಿನ್ಲೆಂಡಿನಲ್ಲಿ ಹಾಲು ಬ್ರೆಡ್ಡು ತರಲು ಹೋದವರೆಲ್ಲ ಅವುಗಳ ಮುಂದೆಯೇ ಹಾದು ಬರಬೇಕು. ಆಹ್ತಿಯ ಜೇಬಿನಲ್ಲಿ ಒಂದು ನೀಲಿ ನೋಟ್‌ಬುಕ್ ಇತ್ತು. ಯಾವ ಮೆಷಿನ್ ಯಾವತ್ತು ಜಾಕ್‌ಪಾಟ್ ಕೊಟ್ಟಿತು ಎಂಬುದನ್ನು ಅವನು ಪಂಚಾಂಗ ಬರೆಯುವವನ ಶ್ರದ್ಧೆಯಿಂದ ಅದರಲ್ಲಿ ಬರೆದಿಡುತ್ತಿದ್ದ.

"ಎಡಗಡೆಯದು ಇಪ್ಪತ್ತೆರಡು ದಿನದಿಂದ ಕೊಟ್ಟಿಲ್ಲ ಕಣೋ," ಎಂದ ಅಲ್ಲೇ ಗೋಡೆಗೊರಗಿದ್ದ ಪಕ್ಕದ ಮನೆಯ ಕಲೆರ್ವೋ. ಆಹ್ತಿಯ ದೋಣಿಯ ಮೇಲೆ ಹತ್ತು ವರ್ಷದಿಂದ ಕಣ್ಣಿಟ್ಟವನು ಈತ. "ಬಲಗಡೆಯದು ಬೆಳಿಗ್ಗೆ ಒಂಬತ್ತಕ್ಕೆ ಯಾವನೋ ಲಾರಿ ಡ್ರೈವರ್‌ಗೆ ಕೊಟ್ಟು ಬರಿದಾಯ್ತು. ಅದರ ಹತ್ರ ಹೋಗ್ಬೇಡ. ಎಡಗಡೆಯದು ಹಣ್ಣಾಗಿದೆ, ಮುಟ್ಟಿದ್ರೆ ಬೀಳತ್ತೆ."

ಬಾಟಲಿಯ ದುಡ್ಡಲ್ಲವೇ, ಹೋದರೆ ಹೋಯಿತು ಎಂದು ಆಹ್ತಿ ಒಂದು ನಾಣ್ಯ ಹಾಕಿದ. ಹೋಯಿತು. ಇನ್ನೊಂದು ಹಾಕಿದ. ಅದೂ ಹೋಯಿತು. ಹತ್ತು ನಿಮಿಷದಲ್ಲಿ ಬಾಟಲಿಯ ದುಡ್ಡು ಮುಗಿದು ಕ್ರೀಮಿನ ದುಡ್ಡಿಗೆ, ಅದರ ಹಿಂದೆಯೇ ಜೇಬಿನಲ್ಲಿದ್ದ ಉಳಿದ ದುಡ್ಡಿಗೂ ಕೈ ಬಿತ್ತು.

ಇನ್ನು ಬಿಟ್ಟುಹೋಗೋಣ ಎಂದು ತಿರುಗಿದರೆ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಎಂಬತ್ತೆರಡರ ಇಂಪಿಯಕ್ಕ ನಿಂತಿದ್ದಳು. ಮುಷ್ಟಿಯಲ್ಲಿ ಬಿಗಿಯಾಗಿ ಚಿಲ್ಲರೆ.

"ನಿಂಗಾಯ್ತೇನಪ್ಪ?" ಎಂದಳು.

"ಇಲ್ಲಕ್ಕ, ಈಗಷ್ಟೇ ಶುರು!" ಎಂದ ಆಹ್ತಿ ಬೆಚ್ಚಿ. ಬಿಟ್ಟುಹೋದರೆ ತಾನು ಹಾಕಿದ ದುಡ್ಡೆಲ್ಲ ಈ ಮುದುಕಿಯ ಮಡಿಲಿಗೆ ಬೀಳುತ್ತದಲ್ಲ!

"ನಾಣ್ಯ ತಣ್ಣಗಿದ್ರೆ ಅದು ಉಗುಳತ್ತೆ ಕಣೋ. ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡು," ಎಂದಳು ಇಂಪಿಯಕ್ಕ.

ಆಹ್ತಿ ಅದನ್ನೂ ಮಾಡಿದ. ಎಡಗೈಯಲ್ಲಿ ಗುಂಡಿ ಒತ್ತು ಎಂದ ಕಲೆರ್ವೋ. ಒತ್ತಿದ. ಹನ್ನೊಂದೂವರೆಯ ಹೊತ್ತಿಗೆ ಅವನು ಕಂಕುಳಲ್ಲಿ ನಾಣ್ಯ ಅವುಚಿ, ಒಂದೇ ಕಾಲ ಮೇಲೆ ಭಾರ ಹಾಕಿ ನಿಂತಿದ್ದ. ಈ ಕಾಲಿನ ಭಂಗಿ ಮಾತ್ರ ಯಾರೂ ಹೇಳಿಕೊಟ್ಟಿದ್ದಲ್ಲ. ಬೆಳಗಿನಿಂದ ಕುಡಿದ ನಾಲ್ಕು ಲೋಟ ಕಾಫಿ ಹೇಳಿಕೊಟ್ಟಿದ್ದು.

ಫೋನ್ ಬಂತು. "ಕ್ರೀಮೆಲ್ಲಿ?"

"ಹಾಲಿನ ಲಾರಿ ಇನ್ನೂ ಬಂದಿಲ್ಲ ಸಿಲ್ವಿ. ದಾರಿಗೆ ಹಿಮಸಾರಂಗ ಅಡ್ಡ ಬಂತಂತೆ."

"ನಮ್ಮ ಕಡೆ ಹಿಮಸಾರಂಗ ಎಲ್ಲಿಂದ ಬಂತು?"

"ಅದಕ್ಕೇ ಎಲ್ಲರೂ ನೋಡ್ತಾ ನಿಂತಿದಾರೆ," ಎಂದು ಆಹ್ತಿ ಫೋನಿಟ್ಟ.

ಹನ್ನೆರಡಕ್ಕೆ ಮೆಷಿನ್‌ಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಬಂದ. ಆಹ್ತಿ ನೋಟ್‌ಬುಕ್ ಬಿಚ್ಚಿ ತೋರಿಸಿ, "ಇಪ್ಪತ್ತೆರಡು ದಿನ ಸ್ವಾಮಿ. ಇವತ್ತು ಕೊಡಲೇಬೇಕಲ್ವಾ?" ಎಂದ.

ಮೆಕ್ಯಾನಿಕ್ ಪುಟಗಳನ್ನು ತಿರುವಿದ. ಅವನ ಮುಖದಲ್ಲಿ ನಿಜವಾದ ಕನಿಕರವಿತ್ತು. "ಅದಕ್ಕೆ ನೆನಪೇ ಇಲ್ಲ ಯಜಮಾನ್ರೇ. ನೀವು ಗುಂಡಿ ಒತ್ತಿದ ಕ್ಷಣಕ್ಕೆ ಒಳಗೆ ಒಂದು ನಂಬರ್ ಬೀಳತ್ತೆ, ಅಷ್ಟೆ. ನಿನ್ನೆ ಕೊಟ್ಟಿತ್ತೋ, ವರ್ಷದಿಂದ ಕೊಟ್ಟಿಲ್ವೋ, ಅದಕ್ಕೇನು ಗೊತ್ತು? ಪ್ರತಿಸಲವೂ ಅದಕ್ಕೆ ಮೊದಲನೇ ಸಲವೇ."

"ಹಾಗಾದ್ರೆ ನಾನು ಹಾಕಿದ್ದು?"

"ಅದೂ ನೆನಪಿಲ್ಲ."

ಆಹ್ತಿಗೆ ಕಣ್ಣು ತೆರೆಯಿತು. ಇಪ್ಪತ್ತೆರಡು ದಿನ ತಾನು ಲೆಕ್ಕ ಬರೆದದ್ದು ಗೋಡೆಯ ಜೊತೆ ಮಾತಾಡಿದ ಹಾಗಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಮೆಷಿನ್ ಬಿಟ್ಟು ಮೊದಲು ಶೌಚಾಲಯಕ್ಕೆ ಓಡಿದ. ಹಗುರಾಗಿ ಬಂದು ಜೇಬು ತಡಕಿದರೆ ಒಂದು ಕಾಸಿಲ್ಲ. ಉಳಿದಿದ್ದು ಅಂಗಡಿಯೊಳಗೆ ಬಾಟಲಿ ಒಯ್ಯಲು ತೆಗೆದುಕೊಂಡ ಟ್ರಾಲಿಯ ಬೀಗಕ್ಕೆ ಠೇವಣಿಯಾಗಿ ಸಿಕ್ಕಿಸಿದ್ದ ಒಂದು ಯೂರೋ. ಅದರಲ್ಲಿ ಕ್ರೀಮು ಬರುವುದಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಸಿಲ್ವಿ ಒಳಗೆ ಬಂದಳು.

"ಎಲ್ಲಿ ಹಿಮಸಾರಂಗ?"

ಕಲೆರ್ವೋ ಛಾವಣಿ ನೋಡಿದ. ಇಂಪಿಯಕ್ಕ ಮಾತ್ರ ಮೆಷಿನ್ ಕಡೆ ಬೊಟ್ಟು ಮಾಡಿದಳು. ಆಹ್ತಿ ಎಲ್ಲ ಒಪ್ಪಿಕೊಂಡ. ಸಿಲ್ವಿಯ ಮುಖ ಕೆಂಪಾಯಿತು. ಅವಳು ಟ್ರಾಲಿಯ ನಾಣ್ಯ ಕಿತ್ತುಕೊಂಡು, "ಇಷ್ಟು ಹೋದದ್ದು ಸಾಲದು ಅಂತ ಇದೂ ಹೋಗ್ಲಿ!" ಎಂದು ಬಲಗಡೆಯ ಮೆಷಿನ್‌ಗೆ ತುರುಕಿದಳು.

"ಅದಲ್ಲ! ಅದು ಬರಿದು!" ಎಂದು ಕಲೆರ್ವೋ ಕೂಗುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು.

ಮೂರು ಚಿತ್ರ ಸಾಲಾಗಿ ನಿಂತವು. ಎಂಬತ್ತು ಯೂರೋ ನಾಣ್ಯಗಳು ಗಲಗಲನೆ ಸುರಿದವು.

ಆಹ್ತಿಗೆ ಕುಣಿಯುವಷ್ಟು ಖುಷಿಯಾಯಿತು. ಮಾನ ಉಳಿಯಿತು, ದೋಣಿ ಉಳಿಯಿತು. "ಬಾ ಸಿಲ್ವಿ, ಕ್ರೀಮು ತಗೊಂಡು ಮನೆಗೆ ಹೋಗೋಣ," ಎಂದ.

ಸಿಲ್ವಿ ಕದಲಲಿಲ್ಲ. ಅವಳ ಕಣ್ಣಲ್ಲಿ, ಮದುವೆಯಾದ ನಲವತ್ತೈದು ವರ್ಷದಲ್ಲಿ ಆಹ್ತಿ ಎಂದೂ ಕಾಣದ ಹೊಳಪಿತ್ತು.

"ಸುಮ್ನಿರು. ಈಗ ಇದಕ್ಕೆ ನನ್ನ ಕೈ ಗುರುತು ಸಿಕ್ಕಿದೆ."

ಎರಡೂವರೆಗೆ, ಬೀಗ ಹಾಕಿದ ಮನೆ ನೋಡಿ ಹುಡುಕುತ್ತ ಬಂದ ಇಪ್ಪತ್ತು ನೆಂಟರು ಅಂಗಡಿಯ ಕಾಫಿಯನ್ನೇ ಕುಡಿದು, ಸಿಲ್ವಿಯ ಬೆನ್ನಿಗೆ ಹುಟ್ಟುಹಬ್ಬದ ಹಾಡು ಹಾಡಿದರು. ಅವಳು ತಿರುಗದೆಯೇ ಥ್ಯಾಂಕ್ಸ್ ಹೇಳಿದಳು. ಇಂಪಿಯಕ್ಕ ಅವಳಿಗೆ ನಾಣ್ಯ ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಆರಕ್ಕೆ ಅಂಗಡಿ ಮುಚ್ಚುವಾಗ ಎಂಬತ್ತು ಯೂರೋ ಪೂರ್ತಿ ಮೆಷಿನ್‌ನ ಹೊಟ್ಟೆ ಸೇರಿತ್ತು.

"ಆ ನೀಲಿ ನೋಟ್‌ಬುಕ್ ಕೊಡಿಲ್ಲಿ," ಎಂದಳು ಸಿಲ್ವಿ. "ಇವತ್ತಿನ ತಾರೀಖು ಬರೀಬೇಕು. ನಾಳೆ ಒಂಬತ್ತಕ್ಕೆ ಬರ್ತೀನಿ. ಕಲೆರ್ವೋ, ನಮ್ಮ ದೋಣಿಗೆ ಎಷ್ಟು ಕೊಡ್ತೀಯಾ?"

"ಮುನ್ನೂರು," ಎಂದ ಕಲೆರ್ವೋ, ಹತ್ತು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದವನಂತೆ.

"ಅಯ್ಯೋ ಸಿಲ್ವಿ!" ಆಹ್ತಿ ಅಂಗಲಾಚಿದ. "ಮೆಕ್ಯಾನಿಕ್ಕೇ ಹೇಳ್ದ ಕಣೇ, ಅದಕ್ಕೆ ನೆನಪೇ ಇಲ್ಲ!"

"ಅದಕ್ಕಿಲ್ಲದಿದ್ರೆ ಬಿಡು, ನನಗಿದೆ," ಎಂದಳು ಸಿಲ್ವಿ ತಣ್ಣಗೆ. "ಹತ್ತೂವರೆಗೆ ಕ್ರೀಮು ತರ್ಲಿಲ್ಲ ಅಂದ್ರೆ ದೋಣಿ ಮಾರ್ಕೋ ಅಂತ ನೀನೇ ಹೇಳಿದ್ದೆ. ಎಲ್ಲಿ ಕ್ರೀಮು?"