ಯೂರಿಯಾ, ಸೆನ್ಸರು ಮತ್ತು ನನ್ನ ಬಲಗಣ್ಣು

ಕೆಲವರಿಗೆ ಸಾರಿಗೆ ಎಷ್ಟು ಉಪ್ಪು ಹಾಕಿದರೂ ಸಾಲದು. ತಟ್ಟೆಯ ಮುಂದೆ ಕೂತ ಕೂಡಲೇ, ರುಚಿ ನೋಡುವ ಮೊದಲೇ, ಕೈ ಉಪ್ಪಿನ ಡಬ್ಬಿಯ ಕಡೆ ಹೋಗುತ್ತದೆ. ಊಟದ ವಿಷಯದಲ್ಲಿ ನನಗೆ ಆ ಚಟವಿಲ್ಲ, ಬಿ.ಪಿ. ಬಂದು ಬಿಡಿಸಿದೆ. ಆದರೆ ಮೆಕ್ಕೆಜೋಳದ ವಿಷಯದಲ್ಲಿ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹೊಲದ ಬದುವಿನ ಮೇಲೆ ನಿಂತರೆ ಸಾಕು, ಪೈರು ನನಗೆ ಹಳದಿಯಾಗಿ ಕಾಣುತ್ತಿತ್ತು. ಹಳದಿ ಎಂದರೆ ಸಾರಜನಕದ ಕೊರತೆ, ಕೊರತೆ ಎಂದರೆ ಯೂರಿಯಾ. ಹರಿಹರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾಗುವವರೆಗೂ ಕಪ್ಪುಹಲಗೆಯ ಮೇಲೆ ಇದನ್ನೇ ಬರೆದವನು ನಾನು. ಬರೆದದ್ದನ್ನು ಅನುಮಾನಿಸುವ ಅಭ್ಯಾಸ ನಮ್ಮ ವೃತ್ತಿಯವರಿಗೆ ಕಡಿಮೆ.

ನಿವೃತ್ತಿಯಾದ ಮೇಲೆ ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ ಕೂತು ಒಂದೇ ಪೇಪರನ್ನು ಎರಡು ಸಲ ಓದುವುದು ಬೇಸರವಾಯಿತು. ಆನಗೋಡಿನಲ್ಲಿ ನಮಗೆ ಮೂರು ಎಕರೆ ಹೊಲವಿದೆ. ಅದನ್ನು ಬಹಳ ವರ್ಷಗಳಿಂದ ಪಾಲಿಗೆ ಮಾಡುತ್ತಿದ್ದವನು ಹಾಲಪ್ಪ. ನನಗಿಂತ ಒಂದೆರಡು ವರ್ಷ ಚಿಕ್ಕವನು, ಮಾತು ಕಡಿಮೆ. ಇನ್ನು ಮೇಲೆ ಬೇಸಾಯಕ್ಕೆ ನನ್ನ ಮಾರ್ಗದರ್ಶನ ಸಿಗುತ್ತದೆ ಎಂದು ಅವನಿಗೆ ತಿಳಿಸಿದೆ. ಅದು ಅವನ ಅದೃಷ್ಟವೆಂದು ನಾನು ಭಾವಿಸಿದ್ದೆ. ಅವನು ಏನು ಭಾವಿಸಿದ್ದನೋ, ನಾನು ಕೇಳಲಿಲ್ಲ.

ಮೊದಲ ವರ್ಷ ನಾನೇ ಎದುರಿಗೆ ನಿಂತು ಯೂರಿಯಾ ಹಾಕಿಸಿದೆ. ಪೈರು ನನ್ನ ಎತ್ತರ ಮೀರಿ ಬೆಳೆಯಿತು. ತೆನೆ ಕಟ್ಟುವ ಹೊತ್ತಿಗೆ ಒಂದು ಮಧ್ಯಾಹ್ನ ಜೋರು ಗಾಳಿ ಬೀಸಿ ಅರ್ಧ ಹೊಲ ಚಾಪೆ ಹಾಸಿದಂತೆ ಮಲಗಿತು. ನಾನು ಗಾಳಿಯನ್ನು ಬೈದೆ, ಬೀಜ ಮಾರಿದವನನ್ನು ಬೈದೆ. ಮುಂದಿನ ಎರಡು ವರ್ಷ ಮಂಡಿನೋವಿನಿಂದ ಗೊಬ್ಬರ ಹಾಕುವ ದಿನ ಹೋಗಲಾಗಲಿಲ್ಲ. ಚೀಲಗಳನ್ನು ಗೂಡ್ಸ್ ಆಟೋದಲ್ಲಿ ಕಳಿಸಿ, ವಾರ ಬಿಟ್ಟು ಹೋಗಿ ನೋಡುತ್ತಿದ್ದೆ. ನೋಡಿದಾಗೆಲ್ಲ ಹಳದಿ. ಆಗ ನನ್ನ ತಲೆಯಲ್ಲಿ ಅನುಮಾನ ಹುಟ್ಟಿತು. ನಾನು ಕಳಿಸಿದ ಚೀಲಗಳು ಪಕ್ಕದಲ್ಲೇ ಇರುವ ಹಾಲಪ್ಪನ ಸ್ವಂತ ಹೊಲಕ್ಕೆ ಹೋಗುತ್ತಿವೆಯೇ? ಹೋಗಿ ನೋಡಿದೆ. ಅವನ ಪೈರೂ ಹಳದಿಯೇ. ಇಷ್ಟಕ್ಕಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹಾಗಾದರೆ ಮಾರಿಕೊಂಡಿದ್ದಾನೆ ಎಂದು ತೀರ್ಮಾನಿಸಿದೆ.

ನನ್ನ ಹೆಂಡತಿ ಶಾರದಮ್ಮ ಒಪ್ಪಲಿಲ್ಲ. "ಹಾಲಪ್ಪ ಅಂಥೋನಲ್ರಿ. ಹೊಲದಾಗ ಬಿದ್ದ ತೆನಿ ಸೈತ ಆರಿಸಿ ನಮ್ಮ ಮನಿಗೆ ತಂದ್ಕೊಡ್ತಾನೆ" ಅಂದಳು. ಹೆಂಗಸರು ಸುಲಭವಾಗಿ ನಂಬುತ್ತಾರೆ ಎಂದುಕೊಂಡೆ. ಈ ಸಲ ಬಿತ್ತನೆಗೆ ಮುಂಚೆ ಹಾಲಪ್ಪನಿಗೆ, "ಬರೋ ವರ್ಷ ಹೊಲ ಬೇರೆಯವರಿಗೆ ಕೊಡೋಣ ಅಂತ ಮಾಡೀನಿ" ಎಂದೂ ಹೇಳಿಬಿಟ್ಟೆ. ಅವನು ಹೆಗಲ ಮೇಲಿನ ಟವೆಲ್ಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಿಕೊಂಡು, "ನಿಮ್ಮ ಹೊಲ, ನಿಮ್ಮಿಷ್ಟ ಮೇಷ್ಟ್ರೇ" ಅಂದ. ಅಷ್ಟೇ.

ಆಗಲೇ ಸುಮಾ ಫೋನ್ ಮಾಡಿದ್ದು. ನಂದಿಗುಡಿಯಿಂದ ಬಸ್ಸಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿ, ಈಗ ಕೃಷಿ ವಿಜ್ಞಾನಿ. ಪೈರಿಗೆ ಸಾರಜನಕ ಸಾಕೋ ಸಾಲದೋ ಎಂದು ಹೇಳುವ ಸೆನ್ಸರ್ ಒಂದನ್ನು ಆನಗೋಡಿನ ಸುತ್ತಮುತ್ತ ಪರೀಕ್ಷಿಸುತ್ತಿದ್ದಾಳಂತೆ, ನಮ್ಮ ಹೊಲ ಸಿಗುತ್ತದೆಯೇ ಎಂದು ಕೇಳಿದಳು. ಧಾರಾಳವಾಗಿ ಎಂದೆ. ವಿಜ್ಞಾನದ ಮೇಲಿನ ಪ್ರೀತಿಗಿಂತ, ಕಳ್ಳನನ್ನು ಯಂತ್ರವೇ ಹಿಡಿದುಕೊಡುತ್ತದೆ ಎಂಬ ಆಸೆ ದೊಡ್ಡದಿತ್ತು.

ಬಿತ್ತನೆಯಾದ ಮೇಲೆ ಸುಮಾ ಹೊಲದ ನಡುವೆ ಉದ್ದಕ್ಕೆ ಒಂದು ಪಟ್ಟಿ ಗುರುತು ಮಾಡಿ, ಅದಕ್ಕೆ ಮಾತ್ರ ಸಾರಜನಕದ ಕೊರತೆಯೇ ಆಗದಷ್ಟು ಯೂರಿಯಾ ಕೊಡಿಸಿ ಅಂದಳು. ಅದು ಅಳತೆಗೋಲು, ಉಳಿದ ಪೈರನ್ನು ಅದಕ್ಕೆ ಹೋಲಿಸಿ ನೋಡಬೇಕು. ಮಂಡಿಗೆ ಪಟ್ಟಿ ಕಟ್ಟಿಕೊಂಡು ನಾನೇ ನಿಂತು ಹಾಕಿಸಿದೆ. ಈ ಕೆಲಸವನ್ನು ನನಗಿಂತ ಉತ್ಸಾಹದಿಂದ ಮಾಡುವವರು ಜಿಲ್ಲೆಯಲ್ಲೇ ಇರಲಾರರು.

ಪೈರು ಸೊಂಟದ ಹತ್ತಿರ ಬಂದಾಗ, ಮೇಲುಗೊಬ್ಬರಕ್ಕೆ ಮುಂಚೆ, ಸುಮಾ ಸೆನ್ಸರ್ ತಂದಳು. ಬಟ್ಟೆ ಅಂಗಡಿಯಲ್ಲಿ ಬೆಲೆಯ ಚೀಟಿಗೆ ಹಿಡಿದು ಕುಂಯ್ ಅನ್ನಿಸುತ್ತಾರಲ್ಲ, ಅಂಥದ್ದೇ ಒಂದಕ್ಕೆ ಕೋಲು ಕಟ್ಟಿದ ಹಾಗಿತ್ತು. ಅದು ಎಲೆಗಳ ಮೇಲೆ ಬೆಳಕು ಬಿಟ್ಟು, ಎಲೆ ಎಷ್ಟನ್ನು ವಾಪಸ್ ಕಳಿಸಿತು ಎಂದು ಅಳೆದು, ಪೈರಿನ ಹಸಿರು ಎಷ್ಟೆಂದು ಹೇಳುತ್ತದೆ. ಅವಳು ಅದನ್ನು ಪೈರಿನ ಮೇಲೆ ಹಿಡಿದು ಪಟ್ಟಿಯ ಉದ್ದಕ್ಕೂ ನಡೆದಳು, ಆಮೇಲೆ ಉಳಿದ ಸಾಲುಗಳಲ್ಲಿ ನಡೆದಳು. ಹಾಲಪ್ಪ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಸರ್, ಪೈರು ಚೆನ್ನಾಗೈತೆ" ಅಂದಳು ಸುಮಾ. "ಆ ಮೂಲೆಗೆ ಒಂದು ಸ್ವಲ್ಪ ಯೂರಿಯಾ ಸಾಕು. ಮಿಕ್ಕಿದ್ದಕ್ಕೆ ಬ್ಯಾಡ."

"ನಿನ್ನ ಸೆನ್ಸರ್ ಕೆಟ್ಟೈತಮ್ಮ. ಹೊಲ ಪೂರ್ತಿ ಹಳದಿ ಕಾಣೋದಿಲ್ಲೇನು?"

ಅವಳು ಹೊಲ ನೋಡಿದಳು, ನನ್ನನ್ನು ನೋಡಿದಳು. "ನೀವೇ ನಿಂತು ಗೊಬ್ಬರ ಹಾಕ್ಸಿದ ಪಟ್ಟಿ ಹೆಂಗೆ ಕಾಣ್ತದೆ ಸರ್?"

"ಅದೂ ಹಳದಿನೇ."

ಹೇಳಿದ ಮೇಲೆ ನನಗೇ ಏನೋ ತಪ್ಪಿದಂತಾಯಿತು. ಸುಮಾ ಹತ್ತಿರ ಬಂದು, "ಸರ್, ನಿಮ್ಮ ಷರ್ಟು ಯಾವ ಬಣ್ಣ?" ಎಂದು ಕೇಳಿದಳು. ಕೆನೆ ಬಣ್ಣ ಅಂದೆ. "ಬಿಳಿ ಸರ್" ಅಂದಳು. ಶಾಲೆಯಲ್ಲಿ ಅವಳ ತಪ್ಪು ಉತ್ತರಗಳನ್ನು ನಾನು ಸಮಾಧಾನದಿಂದ ತಿದ್ದಿಕೊಡುತ್ತಿದ್ದೆ. ಈಗ ಅವಳ ದನಿಯೂ ಅಷ್ಟೇ ಸಮಾಧಾನದ್ದಾಗಿತ್ತು. ನಾನು ಮನೆ ಮುಟ್ಟುವ ಮೊದಲೇ ಅವಳ ಫೋನು ಶಾರದಮ್ಮನನ್ನು ಮುಟ್ಟಿತ್ತು.

ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು ಕಣ್ಣಿನ ಡಾಕ್ಟರು. ವರ್ಷಗಟ್ಟಲೆ ನಿಧಾನವಾಗಿ ಹಳದಿಗಟ್ಟಿದ್ದರಿಂದ ಗೊತ್ತಾಗಿಲ್ಲವಂತೆ. ಮೊದಲು ಬಲಗಣ್ಣಿನದು ತೆಗೆದರು. ಕಪ್ಪು ಕನ್ನಡಕ ಕಳಚುವ ದಿನ ಬಂದ ಮೇಲೆ ಹಟ ಮಾಡಿ ಹೊಲಕ್ಕೆ ಹೋದೆ. ಎಡಗಣ್ಣು ಮುಚ್ಚಿ ನೋಡಿದೆ: ಕಡುಹಸಿರು, ನಾನು ಆ ಹೊಲದಲ್ಲಿ ಎಂದೂ ನೋಡದಂಥ ಹಸಿರು. ಬಲಗಣ್ಣು ಮುಚ್ಚಿ ನೋಡಿದೆ: ಯೂರಿಯಾ ಬೇಕು. ಮತ್ತೆ ಎಡಗಣ್ಣು, ಮತ್ತೆ ಬಲಗಣ್ಣು. ಹೀಗೆ ಕಣ್ಣು ಮುಚ್ಚಿ ತೆರೆದದ್ದೇ ತೆರೆದದ್ದು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಸೆರಗು ಬಾಯಿಗೆ ಒತ್ತಿಕೊಂಡಾಗಲೇ ನಾನು ಯಾರ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದೇನೆ ಎಂಬುದು ಹೊಳೆದದ್ದು. ಹಿಂದಿನಿಂದ ಹಾಲಪ್ಪ, "ಕಣ್ಣಾಗ ಧೂಳು ಬಿತ್ತಾ ಮೇಷ್ಟ್ರೇ?" ಅಂದ.

ಅವನ ಮನೆಗೇ ಹೋದೆ. ಅವನ ಹೆಂಡತಿ ಗೌರಮ್ಮ, "ಕೂಡ್ರಿ, ಚಾ ಮಾಡ್ತೀನಿ" ಅಂದಳು. ನಾನು ಕೂರಲಿಲ್ಲ, ಕೂತರೆ ಹೇಳಲಾರೆ ಅನ್ನಿಸಿತು. "ಹಾಲಪ್ಪ, ತಪ್ಪಾಯ್ತು. ನನ್ನ ಗೊಬ್ಬರ ಹೊಲಕ್ಕೆ ಬೀಳ್ತಿಲ್ಲ, ನೀನು ಮಾರ್ಕೊಂಡೀಯ ಅಂತ ತಿಳ್ಕೊಂಡಿದ್ದೆ. ಬರೋ ವರ್ಷಾನೂ ನೀನೇ ಹೊಲ ಮಾಡ್ಬೇಕು" ಅಂದೆ. ಇಷ್ಟು ಚಿಕ್ಕ ಭಾಷಣವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಗೌರಮ್ಮ ಗಂಡನಿಗೆ, "ಈಗಾದ್ರೂ ತೋರ್ಸ್ರಿ ಅವ್ರಿಗೆ" ಅಂದಳು. ಹಾಲಪ್ಪ ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಒಣಮೇವನ್ನು ಪಕ್ಕಕ್ಕೆ ಸರಿಸಿ, ಹಳೆಯ ತಾಡಪಾಲು ಎತ್ತಿದ. ಗೋಡೆಗೆ ಒರಗಿಸಿದಂತೆ ನನ್ನ ಯೂರಿಯಾ ಚೀಲಗಳು. ಹೋದ ವರ್ಷದವು, ಅದರ ಹಿಂದಿನ ವರ್ಷದವು, ಗಟ್ಟಿಯಾಗಿ ಕಲ್ಲಾಗಿದ್ದವು.

"ನೀವು ಅನ್ಕಂಡಿದ್ದು ಸುಳ್ಳಲ್ಲ ಮೇಷ್ಟ್ರೇ. ಎಲ್ಲಾ ಹೊಲಕ್ಕೆ ಬೀಳ್ಲಿಲ್ಲ" ಅಂದ. "ಅಷ್ಟೂ ಹಾಕಿದ್ರೆ ಬೆಳೆ ಮಲಗ್ತೈತೆ. ಹಾಕಿಲ್ಲ ಅಂದ್ರೆ ನೀವು ಮಲಗಲ್ಲ. ಅದ್ಕೇ ಬೇಕಾದಷ್ಟು ಹಾಕಿ, ಮಿಕ್ಕಿದ್ದು ಇಲ್ಲಿಟ್ಟೆ."

"ನಂಗೆ ಹೇಳ್ಬಾರದಾಗಿತ್ತಾ?"

"ಹೇಳಿದ್ದೆ. ಮೂರು ಸಲ ಹೇಳಿದ್ದೆ. ನೀವು ಆಗ ಸಾರಜನಕದ ವಿಷಯ ಹೇಳ್ತಿದ್ರಿ."

ಅವನ ದನಿಯಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಗೌರಮ್ಮ ಕೊಟ್ಟ ಚಹಾ ಕುಡಿದು ಮನೆಗೆ ಬಂದೆ. ಶಾರದಮ್ಮ ಹುರುಳಿಕಾಯಿ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಕಣ್ಣಿನ ಡಾಕ್ಟ್ರದಾಯ್ತು. ಕಿವಿ ಡಾಕ್ಟ್ರು ಎಲ್ಲಿ ಕೂಡ್ತಾರೆ ಅಂತ ವಿಚಾರಿಸ್ಲಾ?" ಅಂದಳು.

ನನ್ನ ಕಿವಿ ಎಷ್ಟು ಚೆನ್ನಾಗಿದೆ ಎಂಬುದನ್ನು, ಕಿವಿಯ ಒಳಗಿನ ಮೂರು ಮೂಳೆಗಳಿಂದ ಹಿಡಿದು, ಅವಳಿಗೆ ವಿವರವಾಗಿ ತಿಳಿಸಿದೆ. ಮುಗಿಸಿದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಡುವೆ ನನ್ನನ್ನು ಏನೋ ಕೇಳಿದ್ದಳಂತೆ.