ಕೊಟ್ಟಿಗೆಯ ಮುದುಕನ ಊಟ

ಒಬ್ಬರ ಮನೆಯ ಪದ್ಧತಿ ಇನ್ನೊಬ್ಬರ ಮನೆಯಲ್ಲಿ ದೆವ್ವವಾಗಿ ಕೂತುಬಿಡುವುದು ಹೊಸದೇನಲ್ಲ. ದುಭಾಷಿಯಾಗಿದ್ದ ನನಗೆ ಇದು ಚೆನ್ನಾಗಿ ಗೊತ್ತು. ಅದನ್ನು ಒಳಗೆ ಕರೆತಂದವನು ನಾನೇ.

೧. ಉಸಿರು

ಅರವತ್ತರ ದಶಕದಲ್ಲಿ ವಿಜಾಪುರ ಸೀಮೆಯಲ್ಲಿ ಬೋರು ಕೊರೆಯಲು ಸ್ವೀಡನ್ನಿನಿಂದ ಒಬ್ಬ ಎಂಜಿನಿಯರ್ ಸಾಹೇಬರು ಹೆಂಡತಿಯೊಂದಿಗೆ ಬಂದರು. ಅವರ ಇಂಗ್ಲಿಷನ್ನು ಕನ್ನಡ ಮಾಡುವುದು ನನ್ನ ನೌಕರಿ. ಅಥಣಿ ರಸ್ತೆಯ ನಮ್ಮ ಮನೆಯ ಅರ್ಧ ಭಾಗವನ್ನೇ ಅವರಿಗೆ ಬಾಡಿಗೆಗೆ ಕೊಟ್ಟೆವು. ಹಿಂದಿನ ವರ್ಷ ಅಪ್ಪ ತೀರಿಕೊಂಡ ಕೋಣೆ ಆ ಭಾಗದಲ್ಲಿತ್ತು. ಅವ್ವ ಅದರೊಳಗೆ ಕಾಲಿಡುತ್ತಿರಲಿಲ್ಲ.

ಮನೆ ಪಸಂದಾಯಿತೇ ಎಂದು ಅವ್ವ ನನ್ನಿಂದ ಕೇಳಿಸಿದಳು. ಸಾಹೇಬರು ಅವಳ ಹಿಂದಿದ್ದ ಆ ಕೋಣೆಯತ್ತ ನೋಡಿ, ಹುಬ್ಬೇರಿಸಿ, ಹಾವು ತುಳಿದವರ ಹಾಗೆ ಸಟ್ಟನೆ ಉಸಿರನ್ನು ಒಳಗೆಳೆದುಕೊಂಡರು. ಅವ್ವ ನಿಧಾನವಾಗಿ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ಮಾತ್ರ ತುಸು ಅಲ್ಲಾಡುತ್ತಿತ್ತು.

ಆಮೇಲೆ ವಿಚಾರಿಸಿದೆ. ಅವರ ದೇಶದ ಉತ್ತರದ ಕಡೆಯವರು ಹೌದು ಎನ್ನಲು ಹಾಗೆ ಉಸಿರೆಳೆದುಕೊಳ್ಳುತ್ತಾರಂತೆ. ಅವ್ವ ನಂಬಲಿಲ್ಲ. ಅಪ್ಪನಿಗೆ ಇನ್ನೂ ಮುಕ್ತಿ ಸಿಕ್ಕಿಲ್ಲ ಎಂಬ ಅಂಜಿಕೆ ಅವಳಿಗೆ ಮೊದಲೇ ಇತ್ತು.

“ನಿಮ್ಮಪ್ಪಾರು ಅಲ್ಲೇ ಅದಾರ,” ಎಂದಳು. “ಇಂಗ್ಲಿಷ್ ಬರೂದಿಲ್ಲ, ಪಾಪ. ಸಾಹೇಬ್ರ ಜೋಡಿ ಹೆಂಗ ಮಾತಾಡ್ತಾರೋ ಏನೋ.”

೨. ಹಾಳುಬಾವಿ

ಘೋಣಸಗಿ ಎಂಬ ಹಳ್ಳಿಯಲ್ಲಿ ಹಾಳುಬಾವಿಯೊಂದರ ಪಕ್ಕ ಜಾಗ ನೋಡಲು ಹೋದೆವು. ಊರ ಹೆಂಗಸರು ಹಗಲಲ್ಲೂ ಆ ಕಡೆ ಹಾಯುತ್ತಿರಲಿಲ್ಲ. ಇಲ್ಲಿ ನೀರು ಸಿಗುತ್ತದೆಯೇ ಎಂದು ಗೌಡರು ಕೇಳಿದರು. ಸಾಹೇಬರು ಬಗ್ಗಿ, ಕತ್ತಲೊಳಗೆ ಇಣುಕಿ, ಉಸಿರೆಳೆದರು. ಬಾವಿಯೊಳಗಿಂದಲೂ ಅದೇ ಉಸಿರು ತಿರುಗಿ ಬಂತು.

ಸುತ್ತ ನಿಂತಿದ್ದವರೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗುಡಿಯ ಕಟ್ಟೆಯ ಮೇಲಿದ್ದರು. ನಾನೂ ಅಲ್ಲೇ ಇದ್ದೆ. ಅರ್ಥ ಗೊತ್ತಿದ್ದ ನಾನೊಬ್ಬ ಯಾಕೆ ಓಡಿದೆನೋ, ಈಗಲೂ ಹೇಳಲಾರೆ.

೩. ಗಂಜಿ

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಸಾಹೇಬರ ಹೆಂಡತಿ ನಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಬಟ್ಟಲು ಅಕ್ಕಿಯ ಸಿಹಿಗಂಜಿ ಇಟ್ಟು, ಮೇಲೆ ಬೆಣ್ಣೆ ಹಾಕಿದರು. ಯಾರಿಗೆಂದು ಅವ್ವ ಕೇಳಿದಳು. ಅವರ ಸೀಮೆಯಲ್ಲಿ ಪ್ರತಿ ಮನೆಗೂ ಮೊಳದುದ್ದದ ಒಬ್ಬ ಮುದುಕನಿರುತ್ತಾನಂತೆ, ಕಣ್ಣಿಗೆ ಬೀಳದೆ ಮನೆ, ದನ ಕಾಯುತ್ತಾನಂತೆ. ವರ್ಷಕ್ಕೊಮ್ಮೆ ಈ ಗಂಜಿ ಇಡದಿದ್ದರೆ ಸಿಟ್ಟಾಗಿ ಹಸುಗಳ ಬಾಲಕ್ಕೆ ಬಾಲ ಗಂಟು ಹಾಕುತ್ತಾನಂತೆ. ಇಷ್ಟೆಲ್ಲ ಯಾರು ಹೇಳುತ್ತಾರೆ? “ಈ ಮನಿ ಕಾಯೋ ಮುದುಕಗಂತ” ಎಂದುಬಿಟ್ಟೆ.

ಅವ್ವನ ಮುಖ ಬಿಳುಚಿಕೊಂಡಿತು. ಅಪ್ಪನಿಗೆ ಸಿಹಿ ಸೇರುತ್ತಿರಲಿಲ್ಲ. ಅವಳು ಒಳಗೆ ಹೋಗಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ತಟ್ಟೆಯಲ್ಲಿ ತಂದು ಗಂಜಿಯ ಪಕ್ಕ ಇಟ್ಟು, ಕೈಮುಗಿದು, ಬಾಗಿಲಿಗೆ ಅಗಳಿ ಹಾಕಿದಳು. ಆ ಮುದುಕ ಅಪ್ಪನಲ್ಲ ಎಂದು ತಿದ್ದದೆ ನಾನು ಅವಳ ಹಿಂದೆಯೇ ಒಳಗೆ ನಡೆದೆ.

ಬೆಳಿಗ್ಗೆ ನಾಲ್ವರೂ ಹೋದೆವು. ಅಗಳಿ ಹಾಕಿದಂತೆಯೇ ಇತ್ತು. ತಟ್ಟೆಗೆ ಬಾಯಿ ನಿಲುಕದಷ್ಟು ದೂರ ಕಟ್ಟಿದ್ದ ಎಮ್ಮೆ ಮೂಲೆಗೆ ಸರಿದು ಗೋಡೆ ನೋಡುತ್ತಾ ನಿಂತಿತ್ತು. ಗಂಜಿ ಕೆನೆಗಟ್ಟಿ ಹಾಗೇ ಇತ್ತು. ಪಕ್ಕದ ತಟ್ಟೆಯಲ್ಲಿ ರೊಟ್ಟಿಯ ಚೂರಿಲ್ಲ, ಹಿಂಡಿಯ ಕಣವಿಲ್ಲ. ನಾಯಿಬೆಕ್ಕು ಬೆಣ್ಣೆ ಬಿಟ್ಟು ಖಾರ ತಿನ್ನುತ್ತವೆಯೇ? ಸಾಹೇಬರ ಹೆಂಡತಿ ನನ್ನ ತೋಳು ಹಿಡಿದುಕೊಂಡರು. ನಾನು ಸಾಹೇಬರದು ಹಿಡಿದಿದ್ದೆ.

ಅವ್ವ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, ವರ್ಷದಿಂದ ಕಾಣದಿದ್ದ ನಗು ಅವಳ ಮುಖದಲ್ಲಿ ಕಂಡಿತು.

“ನಿಮ್ಮಪ್ಪಾರಿಗೆ ಮುಕ್ತಿ ಸಿಕ್ಕೈತಿ ಬಿಡು. ನಲವತ್ತು ವರ್ಷದಾಗ ಅವರು ಒಂದಿನಾನೂ ನನ್ನ ಅಡಗಿಗೆ ಉಪ್ಪಿಲ್ಲ ಖಾರಿಲ್ಲ ಅಂತ ಹೆಸರಿಡದ, ತಾಟಿನ್ಯಾಗ ಅರ್ಧಾ ಬಿಡದ ಎದ್ದವರಲ್ಲ. ಹಿಂಗ ತಾಟ ಬಳದು ತಿಂದ ಇಂವ ಸಾಹೇಬ್ರ ಊರಾಂವನ.”